ಸೀಟಿಗೆ ಗಡಿನಾಡ ಕನ್ನಡಿಗ, ಕೆಲಸಕ್ಕೆ ಹೊರಗಿನವ?

2020ರ ಮಾರ್ಚ್ ನೆನಪುಂಟಾ ಮಾರಾಯ್ರೆ? ತಲಪಾಡಿಯಲ್ಲಿ ಹೆದ್ದಾರಿ ಬಂದ್, ಒಳದಾರಿಗಳಿಗೆ ಲೋಡುಗಟ್ಟಲೆ ಮಣ್ಣು. ಸುರಿಸಿದ್ದು ಬೇರೆ ಯಾರೂ ಅಲ್ಲ, ನಾವು 'ನಮ್ಮದು' ಅಂತ ಹೇಳ್ತಾ ಬಂದ ಕರ್ನಾಟಕ. ಡಯಾಲಿಸಿಸ್‌ಗೆ, ಹೆರಿಗೆಗೆ ಮಂಗಳೂರನ್ನೇ ನಂಬಿದ್ದ ಮಂಜೇಶ್ವರದವರ ಆಂಬುಲೆನ್ಸ್‌ಗಳು ಗಡಿಯಿಂದ ವಾಪಸ್ ಬಂದವು. ಜೀವಗಳು ಹೋದವು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ಕೇಂದ್ರಕ್ಕೇ ಹೇಳಬೇಕಾಯ್ತು: ರಾಷ್ಟ್ರೀಯ ಹೆದ್ದಾರಿ ನಿಮ್ಮದು, ತಡೆ ತೆಗೆಸಿ ಅಂತ. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ರೋಗಿಗಳನ್ನು ಬಿಡಲು ಒಂದು ಕ್ರಮ ಆಯ್ತು.

ತಮಾಷೆ ನೋಡಿ, ಅದೇ ವರ್ಷ ಜನವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಕೇಂದ್ರದ ಮೇಲೆ ಕೇಸು ಹಾಕಿದ್ದು ಕೇರಳ ಸರಕಾರ. ದೇಶದೊಳಗೆ ಯಾರು ಬರಬಹುದು ಅಂತ ರಾಜ್ಯಕ್ಕೂ ಕೇಂದ್ರಕ್ಕೂ ಜಗಳ. ಹತ್ತು ಮೈಲಿ ಆಚೆಯ ಆಸ್ಪತ್ರೆಗೆ ಹೋಗುವ ನಮ್ಮನ್ನು ಕೇಳುವವರಿಲ್ಲ.

ಇದು ಮುಗಿದ ಕಥೆ ಅಂದುಕೊಳ್ಳಬೇಡಿ. 2024ರ ಜುಲೈಯಲ್ಲಿ ಕರ್ನಾಟಕ ಸಂಪುಟ ಒಪ್ಪಿದ ಮಸೂದೆಯಲ್ಲಿ ಖಾಸಗಿ ಕಂಪೆನಿಗಳ ಆಡಳಿತ ಹುದ್ದೆಗಳಲ್ಲಿ 50%, ಉಳಿದವುಗಳಲ್ಲಿ 70% 'ಸ್ಥಳೀಯ'ರಿಗೆ. ಸ್ಥಳೀಯ ಅಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲೇ ವಾಸವಿದ್ದು, ಕನ್ನಡ ಓದಿ ಬರೆದು ಮಾತಾಡುವವನು. ಕನ್ನಡ ನಮಗೆ ಬರ್ತದೆ. ಹುಟ್ಟಿದ್ದು? ಕಾಸರಗೋಡಲ್ಲಿ. ಅಲ್ಲಿಗೆ ಮುಗೀತು.

ಉದ್ಯಮಿಗಳು ಗಲಾಟೆ ಮಾಡಿದರು, ಮಸೂದೆ ಎರಡೇ ದಿನದಲ್ಲಿ ತಡೆಗೆ ಬಿತ್ತು. ಹರಿಯಾಣದ 75% ಕಾಯ್ದೆಯನ್ನು 2023ರಲ್ಲಿ ಅಲ್ಲಿನ ಹೈಕೋರ್ಟೇ ರದ್ದು ಮಾಡಿತ್ತು. ಆದರೂ ಇಂಥ ಮಸೂದೆ ಇನ್ನೊಂದು ಚುನಾವಣೆಗೆ ಮತ್ತೆ ಎದ್ದು ಬರ್ತದೆ. ಆಗ ನಾವೇನು ಮಾಡುವುದು?

ನಾವು ಸ್ಥಳೀಯರ ಮೀಸಲಾತಿಗೆ ವಿರೋಧ ಅಲ್ಲ. ಕನ್ನಡಿಗರಿಗೆ ಕೆಲಸ ಸಿಗಲಿ. ಆದರೆ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಅಂತ ಹೆಸರು ಬರೆದು, ಕನ್ನಡವೋ ತುಳುವೋ ಕೊಡವವೋ ಮನೆಮಾತಾದವರಿಗೆ ಅವಕಾಶ ಕೊಟ್ಟದ್ದು ಇದೇ ಕರ್ನಾಟಕ. ಸೀಟಿಗೆ ಮಾತ್ರ ಕನ್ನಡಿಗ, ಡಿಗ್ರಿ ಮುಗಿದ ಮರುದಿನ ವಲಸಿಗ, ಇದು ಯಾವ ನ್ಯಾಯ? ಗಡಿಯನ್ನು 1956ರಲ್ಲಿ ಎಳೆದದ್ದು ದೆಹಲಿ. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದ ಮಹಾಜನ ವರದಿಯನ್ನು ಮೂಲೆಗೆ ಹಾಕಿದ್ದೂ ದೆಹಲಿ. ಗೆರೆ ದಾಟಿ ವಲಸೆ ಬಂದವರು ನಾವಲ್ಲ. ಗೆರೆ ನಮ್ಮ ಅಂಗಳಕ್ಕೆ ಬಂತು.

ಸಿಇಟಿಯಲ್ಲಿರುವ ಆ ಒಂದು ಸಾಲು ಉದ್ಯೋಗ ಮಸೂದೆಗೂ ಬರಬೇಕು. ಮಸೂದೆ ಪುನಃ ಸಂಪುಟಕ್ಕೆ ಹೋಗುವ ಮೊದಲೇ ಬರೀಬೇಕು, ಕೇಳಬೇಕು. ಮಂಗಳೂರಲ್ಲಿ, ಬೆಂಗಳೂರಲ್ಲಿ ಕೆಲಸ ಮಾಡ್ತಾ ಇರುವ ನಮ್ಮ ಊರಿನ ಹುಡುಗ ಹುಡುಗಿಯರೇ, ಕನ್ನಡ ಮಾಧ್ಯಮದಲ್ಲಿ ಕಲಿತ ಸರ್ಟಿಫಿಕೇಟನ್ನು ಜೋಪಾನವಾಗಿಡಿ. ನಾಳೆ ಅದನ್ನು ಮೇಜಿನ ಮೇಲಿಟ್ಟೇ ಮಾತಾಡಬೇಕಾಗ್ತದೆ.