ಮೊದಲು ಕತ್ತಲೆ, ಆಮೇಲೆ ಕ್ಯಾಮೆರಾ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಫೋನ್ ಮಾಡಿ, "ಸಾರ್, ನಕ್ಷತ್ರಗಳ ಫೋಟೋ ತೆಗೀಬೇಕು, ಯಾವ ಟೆಲಿಸ್ಕೋಪ್ ತಗೊಳ್ಳಲಿ?" ಎಂದು ಕೇಳಿದ. "ಆರ್ದ್ರಾ ನಕ್ಷತ್ರ ಎಲ್ಲಿದೆ ಗೊತ್ತೇನಪ್ಪ?" ಎಂದೆ. ಆರಿದ್ರಾ ಮಳೆ ಗೊತ್ತು, ನಕ್ಷತ್ರ ಗೊತ್ತಿಲ್ಲ ಎಂದ. ರೈತನ ಮಗ. ಅವನನ್ನು ದೂರಿ ಫಲವಿಲ್ಲ. ಜೂನ್ ಕೊನೆಯಲ್ಲಿ ಆ ಮಳೆ ಹಿಡಿಯುವಾಗ ಸೂರ್ಯ ಅದೇ ನಕ್ಷತ್ರದ ಬಳಿ ಇರುವುದರಿಂದ ಅದು ಕಾಣುವುದೇ ಇಲ್ಲ. ಕಾಣಬೇಕಾದರೆ ಜನವರಿಯ ರಾತ್ರಿ ಹೊರಗೆ ಬರಬೇಕು.

ಆಕಾಶದ ಛಾಯಾಗ್ರಹಣಕ್ಕೆ ಮೊದಲ ಸಲಕರಣೆ ಕತ್ತಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯದು ಕಣ್ಣು. ಬೆಳಕಿನಿಂದ ಹೊರಬಂದ ಕಣ್ಣು ಕತ್ತಲೆಗೆ ಒಗ್ಗಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಲೆಕ್ಕ ಮತ್ತೆ ಮೊದಲಿನಿಂದ. ಕ್ಯಾಮೆರಾ ಮೂರನೆಯದು. ಟೆಲಿಸ್ಕೋಪಿನ ಮಾತು ಒಂದೆರಡು ವರ್ಷ ಕಳೆದ ಮೇಲೆ ಆಡಿದರೆ ಸಾಕು.

ಆಕಾಶಗಂಗೆಯ ಥಳಥಳಿಸುವ ಚಿತ್ರಗಳನ್ನು ನೋಡಿ ಎಲ್ಲರೂ ಅಲ್ಲಿಂದಲೇ ಆರಂಭಿಸಲು ಹೊರಡುತ್ತಾರೆ. ಅಂಥ ಚಿತ್ರಗಳಲ್ಲಿ ಬಹುಪಾಲು ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಪೇರಿಸಿ ತಿದ್ದಿದವು. ಹೊಸಬರು ಮಹಾವ್ಯಾಧನಿಂದ ಆರಂಭಿಸುವುದು ಲೇಸು. ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಮಗುವೂ ಗುರುತಿಸಬಲ್ಲದು. ಬರಿಗಣ್ಣಿಗೆ ಹೆಚ್ಚುಕಡಿಮೆ ಬೆಳ್ಳಗೆ ತೋರುವ ನಕ್ಷತ್ರಗಳು ಚಿತ್ರದಲ್ಲಿ ಬಣ್ಣ ಬಿಟ್ಟುಕೊಡುತ್ತವೆ: ಆರ್ದ್ರಾ ಕೆಂಡದಂತೆ ಕೆಂಪು, ಎದುರು ಮೂಲೆಯ ರೀಗಲ್ ನೀಲಿ ಬೆರೆತ ಬಿಳುಪು.

ಒಂದು ಗಟ್ಟಿಯಾದ ಮುಕ್ಕಾಲಿ ಇರಲಿ. ಕತ್ತಲೆಯಲ್ಲಿ ಆಟೋ ಫೋಕಸ್ ಕುರುಡು. ಅದನ್ನು ನಿಲ್ಲಿಸಿ, ಪರದೆಯ ಮೇಲೆ ಲುಬ್ಧಕ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಲೆನ್ಸನ್ನು ಕೈಯಿಂದಲೇ ತಿರುಗಿಸಬೇಕು. ಲೆನ್ಸಿನ ಕಿಂಡಿ ಪೂರ್ತಿ ತೆರೆದಿರಲಿ, ಐಎಸ್ಒ 1600 ಇರಲಿ. ಬೆರಳು ತಾಗಿ ಕ್ಯಾಮೆರಾ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಇಡಿ. ಇನ್ನು ಎಷ್ಟು ಹೊತ್ತು ತೆರೆದಿಡಬೇಕು? ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ ಹೆಚ್ಚು ಹೊತ್ತು ಬಿಟ್ಟರೆ ಚುಕ್ಕೆ ಗೆರೆಯಾಗುತ್ತದೆ. ಛಾಯಾಗ್ರಾಹಕರಲ್ಲಿ ಒಂದು ಒರಟು ಲೆಕ್ಕವಿದೆ: 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸುವುದು. ಚಿಕ್ಕ ಸೆನ್ಸರಿನ ಕ್ಯಾಮೆರಾಗಳಲ್ಲಿ ನಾಭಿದೂರವನ್ನು ಮೊದಲು ಒಂದೂವರೆಯಿಂದ ಗುಣಿಸಬೇಕು. 18 ಮಿ.ಮೀ. ಲೆನ್ಸಾದರೆ 27, ಅಂದರೆ ಸುಮಾರು 18 ಸೆಕೆಂಡು. ತ್ರೈರಾಶಿಯಷ್ಟೂ ಕಷ್ಟವಿಲ್ಲ!

ಈ 18 ಸೆಕೆಂಡುಗಳಲ್ಲಿ ಪೇಟೆಯ ಆಕಾಶ ತನ್ನ ನಿಜರೂಪ ತೋರಿಸುತ್ತದೆ. ನಕ್ಷತ್ರಗಳ ಬದಲು ಬೂದಿ ಬಣ್ಣದ ಮಂಕು ಬಂದಿರುತ್ತದೆ. ನಾನು ಹಿಂದೆ ಮಕ್ಕಳಿಗೆ ಸಪ್ತರ್ಷಿಗಳನ್ನು ತೋರಿಸುತ್ತಿದ್ದ ಶಾಲಾ ಮೈದಾನದಲ್ಲಿ ಈಗ ಎತ್ತರದ ಕಂಬದ ಮೇಲೆ ಆರು ದೀಪಗಳು ಬೆಳಗಿನವರೆಗೂ ಉರಿಯುತ್ತವೆ. ಆ ಹೊತ್ತಿನಲ್ಲಿ ಅಲ್ಲಿರುವುದು ಎರಡು ನಾಯಿಗಳು ಮಾತ್ರ. ದೀಪವೇ ಬೇಡವೆಂದು ನನ್ನ ವಾದವಲ್ಲ. ರಾತ್ರಿ ಬಸ್ಸಿಳಿದು ಮನೆಗೆ ನಡೆಯುವ ಹೆಣ್ಣುಮಕ್ಕಳ ಹಾದಿಗೆ ಬೆಳಕು ಬೇಕೇ ಬೇಕು. ಆದರೆ ಅದು ಹಾದಿಯ ಮೇಲೆ ಬೀಳಲಿ. ದೀಪದ ಮೇಲೊಂದು ತಗಡಿನ ಮುಚ್ಚಿಗೆ ಹಾಕಲು ಎಷ್ಟು ಖರ್ಚಾದೀತು?

ಲಡಾಖಿನ ಹಾನ್ಲೆಯಲ್ಲಿ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿರುವ ಕೇಂದ್ರದಿಂದ. ಅಲ್ಲಿನ ಆಡಳಿತ 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ತಾಣವೆಂದು ಘೋಷಿಸಿತು. ನಮ್ಮ ಊರುಗಳಿಗೆ ಅಷ್ಟು ದೊಡ್ಡ ಘೋಷಣೆ ಬೇಡ, ಮುಚ್ಚಿಗೆಯ ತಗಡು ಸಾಕು.

ಅದನ್ನು ಕೇಳಲು ಸಾಕ್ಷಿ ಬೇಕಲ್ಲ? ಹೊಸಬರು ಪ್ರತಿ ವರ್ಷ ಜನವರಿಯ ಅಮಾವಾಸ್ಯೆಯಂದು ಅದೇ ಜಾಗದಲ್ಲಿ, ಅದೇ ಸಮಯಕ್ಕೆ, ಅದೇ 18 ಸೆಕೆಂಡಿಗೆ ಮಹಾವ್ಯಾಧನ ಒಂದು ಚಿತ್ರ ತೆಗೆಯಲಿ. ಮುದ್ರಿಸಿ, ಹಿಂಬದಿಗೆ ದಿನಾಂಕ ಬರೆಯಲಿ. ಮೂರು ವರ್ಷದ ಚಿತ್ರಗಳಾದ ಮೇಲೆ ಗ್ರಾಮಸಭೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಯಾವುದರಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಸದಸ್ಯರಿಂದಲೇ ಎಣಿಸಲಿ.