ಬರ್ತ್‌ಡೇ ನಿಮ್ಮ ಮನೆಯದು, ಬಿಲ್ಲು ಪಕ್ಕದ ಮನೆಗೆ!

ಮಗುವಿನ ಹುಟ್ಟುಹಬ್ಬ ಹತ್ತಿರ ಬಂತೆಂದರೆ ನಿಮ್ಮ ಎದೆಯಲ್ಲೂ ಸಣ್ಣಗೆ ಢವಢವ ಶುರುವಾಗುತ್ತದೆಯೇ? ಹೋದ ತಿಂಗಳು ಎದುರು ಮನೆಯವರು ಪಾರ್ಟಿ ಹಾಲ್ ಹಿಡಿದು ಮ್ಯಾಜಿಕ್ ಮಾಡುವವರನ್ನು ಕರೆಸಿದ್ದರು. ಅದಕ್ಕೂ ಮೊದಲು ಮೇಲಿನ ಮನೆಯವರು ಕಾರ್ಟೂನ್ ವೇಷ ಹಾಕಿದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ಈಗ ನಿಮ್ಮ ಸರದಿ. ‘ಅಮ್ಮಾ, ನಮ್ಮನೇಲಿ ಏನ್ ಮಾಡ್ತೀಯಾ?’ ಎಂದು ಮಗು ದಿನಕ್ಕೆ ನಾಲ್ಕು ಸಲ ಕೇಳುತ್ತಿದೆ. ಯಜಮಾನರೋ, ‘ಏನಾದ್ರೂ ಮಾಡು, ಕೈಮೀರದ ಹಾಗೆ’ ಎಂದು ಜಾರಿಕೊಳ್ಳುತ್ತಾರೆ.

ಕೈಮೀರುವುದು ಎಲ್ಲಿ ಗೊತ್ತಾ? ನಾವೆಲ್ಲ ತಿಂಡಿಗೆ ಎಷ್ಟಾಗುತ್ತದೆ ಅಂತಲೇ ಲೆಕ್ಕ ಹಾಕುತ್ತಾ ಕೂರುತ್ತೇವೆ. ಮನೆಯಲ್ಲೇ ಮಾಡುವ ತಿಂಡಿಗೆ ಅಂಥ ಖರ್ಚೇನೂ ಇಲ್ಲ. ಖರ್ಚು ಬೆಳೆಯುವುದು ತಲೆ ಎಣಿಕೆಯಲ್ಲಿ, ಮತ್ತೆ ಆ ರಿಟರ್ನ್ ಗಿಫ್ಟ್‌ನಲ್ಲಿ. ಒಂದು ಗಿಫ್ಟಿಗೆ 100 ರೂಪಾಯಿ ಎಂದೇ ಇಟ್ಟುಕೊಳ್ಳಿ. ತರಗತಿಯ 40 ಮಕ್ಕಳನ್ನೂ ಕರೆದರೆ ಅಲ್ಲಿಗೇ 4,000 ರೂಪಾಯಿ. ಕೇಕು ಇನ್ನೂ ಕತ್ತರಿಸಿಲ್ಲ!

ಇದು ನಿಮ್ಮ ಪರ್ಸಿನ ಮಾತಾಯಿತು. ಇನ್ನೊಂದು ಲೆಕ್ಕವನ್ನು ನಾವು ಹಾಕುವುದೇ ಇಲ್ಲ. ನೀವು 40 ಮಕ್ಕಳನ್ನು ಕರೆದ ದಿನ 40 ಮನೆಗಳಲ್ಲಿ ‘ಏನ್ ತಗೊಂಡು ಹೋಗೋದು?’ ಎಂಬ ಚಿಂತೆ ಶುರು. ನಮ್ಮ ಬೀದಿಯ ಪುಟ್ಟ ಹುಡುಗಿಯೊಬ್ಬಳಿಗೆ ಗೆಳತಿಯರ ಬರ್ತ್‌ಡೇ ದಿನವೇ ಹೊಟ್ಟೆನೋವು ಬರುತ್ತಿತ್ತು. ತಾಯಿ ಬ್ಲೌಸ್ ಹೊಲಿದು ಮನೆ ನಡೆಸುವವರು. ಇನ್ನೇನು ಡಾಕ್ಟರ ಹತ್ತಿರ ಕರೆದೊಯ್ಯಬೇಕು ಅನ್ನುವಷ್ಟರಲ್ಲಿ ಹುಡುಗಿಯೇ ಬಾಯಿಬಿಟ್ಟಳು. ಹಿಂದಿನ ಸಲ ಅವಳು ಕೊಟ್ಟ ಪೆನ್ಸಿಲ್ ಡಬ್ಬಿಯನ್ನು ಎಲ್ಲರೆದುರು ಬಿಚ್ಚಿ, ‘ಇಷ್ಟೇನಾ?’ ಅಂದಿದ್ದರಂತೆ ಮಕ್ಕಳು. ಅಮ್ಮನಿಗೆ ಖರ್ಚು ಬರದಿರಲಿ ಎಂದು ಎಂಟು ವರ್ಷದ ಮಗು ಹೊಟ್ಟೆನೋವಿನ ನೆಪ ಹುಡುಕಿಕೊಂಡಿತ್ತು. ಕರೆದವರೇನೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಕರೆದಿದ್ದರು. ಆದರೂ ಆ ಮನೆಯ ಬರ್ತ್‌ಡೇ ಬಿಲ್ಲಿನ ಒಂದು ಪಾಲು ಈ ಮನೆಗೆ ಬಂದಿತ್ತು, ಅಲ್ವಾ?

ಹಾಗಾಗಿ ಬಲೂನು ತರುವ ಮೊದಲೇ ಉಡುಗೊರೆಯ ವಿಷಯ ಮುಗಿಸಿಬಿಡಿ. ‘ಉಡುಗೊರೆ ಬೇಡ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಯಾರೂ ನಂಬುವುದಿಲ್ಲ. ಮದುವೆ ಪತ್ರಿಕೆಯಲ್ಲೂ ಆಶೀರ್ವಾದವೇ ಉಡುಗೊರೆ ಅಂತಿರುತ್ತದೆ, ನಾವು ಕವರ್ ಒಯ್ಯುವುದನ್ನು ಬಿಟ್ಟಿದ್ದೇವೆಯೇ? ಫೋನ್ ಮಾಡಿ ಹೇಳಿ: ‘ನಿಮ್ಮ ಮಗು ಕೈಯಾರೆ ಬರೆದ ಒಂದು ಚಿತ್ರ ಸಾಕು, ಬೇರೇನು ತಂದ್ರೂ ವಾಪಸ್ ಕಳಿಸ್ತೀನಿ.’ ಬಂದ ಚಿತ್ರಗಳನ್ನೆಲ್ಲ ದಾರಕ್ಕೆ ಪೋಣಿಸಿ ಗೋಡೆಗೆ ಕಟ್ಟಿ. ಅದೇ ನಿಮ್ಮ ಅಲಂಕಾರ. ಪ್ಲಾಸ್ಟಿಕ್ ತಟ್ಟೆ-ಲೋಟಗಳನ್ನಂತೂ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್‌ಗೂ ಬಲೂನಿನ ಪ್ಲಾಸ್ಟಿಕ್ ಕಡ್ಡಿಗೂ ದೇಶಾದ್ಯಂತ ನಿಷೇಧವಿದೆ. ಅಂಗಡಿಯವನು ಮೆಲ್ಲಗೆ ತೆಗೆದುಕೊಟ್ಟರೂ ಬೇಡ ಅನ್ನಿ. ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ ನಮಗೇನು ಹೊಸದೇ?

ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಒಪ್ಪದಿದ್ದರೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಪುಟ್ಟ ಪೊಟ್ಟಣ ಕಟ್ಟಿ, ಒಂದು ಹಿಡಿ ಮೆಂತ್ಯ ಹಾಕಿ ಕೊಡಿ. ಮಣ್ಣಿಗೆ ಉದುರಿಸಿ ನೀರು ಚಿಮುಕಿಸಿದರೆ ಮೂರ್ನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ, ಮಕ್ಕಳಿಗೆ ಕಾಯುವ ತಾಳ್ಮೆ ಅಷ್ಟೇ ತಾನೇ! ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲಿರಾದರೆ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್‌ನವರ ಕನ್ನಡದ ತೆಳು ಚಿತ್ರಪುಸ್ತಕಗಳಿವೆ.

ಅಷ್ಟಕ್ಕೂ ಮಕ್ಕಳ ಪಾರ್ಟಿ ಅನ್ನುವುದು ಕೇಕಿನ ಜೊತೆ ಬಂದದ್ದೇನಲ್ಲ. ಮೈಸೂರು ಕಡೆಯ ಮನೆಗಳಲ್ಲಿ ದಸರೆಯ ಸಂಜೆ ‘ಗೊಂಬೆ ಕೂರ್ಸಿದೀರಾ?’ ಎಂದು ಮಕ್ಕಳು ಗುಂಪುಗುಂಪಾಗಿ ಬರುತ್ತಿದ್ದುದು ನಿಮಗೂ ನೆನಪಿರಬಹುದು. ಪಟ್ಟದ ಗೊಂಬೆ ನೋಡಿ, ಹಾಡು ಹೇಳಿ, ಅಂಗೈಗೆ ಬಿದ್ದ ಬೊಂಬೆ ಬಾಗಿನ ಮೆಲ್ಲುತ್ತಾ ಮುಂದಿನ ಮನೆಗೆ ಓಟ. ಒಂದು ದಿನ ಪುರಿ ಉಂಡೆ, ಇನ್ನೊಂದು ದಿನ ಕೊಬ್ಬರಿ ಮಿಠಾಯಿ. ಯಾರೂ ಯಾರಿಗೂ ಏನೂ ತರುವ ಹಾಗಿರಲಿಲ್ಲ. ಸಂಕ್ರಾಂತಿಯಲ್ಲಿ ಐದು ವರ್ಷದೊಳಗಿನ ಮಗುವನ್ನು ಮಣೆಯ ಮೇಲೆ ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ತಲೆಯ ಮೇಲೆ ಎರೆಯುತ್ತಾರಲ್ಲ, ಅದೂ ಪಾರ್ಟಿಯೇ. ಉದುರಿದ ಕಾಸು ಆಯಲು ಬೀದಿಯ ಮಕ್ಕಳೆಲ್ಲ ಹಾಜರ್! ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಗುವಿದ್ದರೆ ಈ ಸಲ ಬಿಡಬೇಡಿ.

ಇನ್ನು ಹುಟ್ಟುಹಬ್ಬದ ದಿನದ ಮಾತು. ಸಂಜೆ ನಾಲ್ಕೂವರೆಯಿಂದ ಆರೂವರೆ, ಎರಡೇ ಗಂಟೆ. ಈ ಹೊತ್ತಿಗೆ ಕರೆದರೆ ಊಟದ ಪ್ರಶ್ನೆಯೇ ಬರುವುದಿಲ್ಲ. ಯಾರನ್ನು ಕರೆಯಬೇಕೆಂದು ಮಗುವೇ ಹೇಳಲಿ, 12 ಹೆಸರು ದಾಟದಿರಲಿ. ದೊಡ್ಡವರ ಸಂಬಂಧ ಉಳಿಸಿಕೊಳ್ಳಲು ಕರೆಯುವ ಮಕ್ಕಳು ಮೂಲೆ ಹಿಡಿದು ಕೂರುತ್ತವೆ, ನೋಡಿದ್ದೀರಲ್ಲ. ಮನೆಗೆಲಸಕ್ಕೆ ಬರುವವರ ಮಗು ದಿನಾ ನಿಮ್ಮ ಮಗುವಿನ ಜೊತೆ ಆಡುವುದಾದರೆ ಅದರ ಹೆಸರೂ ಪಟ್ಟಿಯಲ್ಲಿರಲಿ. ಬಂದ ಮೇಲೆ ಲೋಟ ತೊಳೆಯಲು ಕಳಿಸಬಾರದು, ಅಷ್ಟೇ.

12 ಮಕ್ಕಳಿಗೆ ಅರ್ಧ ಕಿಲೋ ಕಡ್ಲೆಪುರಿಯ ಚುರುಮುರಿ ಸಾಕೋ ಸಾಕು. ತುರಿದ ಕ್ಯಾರೆಟ್, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚಿಟ್ಟುಕೊಂಡು ಕೊಡುವ ಹೊತ್ತಿಗೆ ಬೆರೆಸಿ, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ತೀರಾ ಚಿಕ್ಕವರಿದ್ದರೆ ಕಡಲೆಬೀಜ ಹಾಕಬೇಡಿ, ಗಂಟಲಿಗೆ ಸಿಕ್ಕೀತು. ಒಡೆದ ಬಲೂನಿನ ಚೂರೂ ಅಷ್ಟೇ, ಬಿದ್ದ ಕೂಡಲೇ ಆರಿಸಿ. ಕುಡಿಯಲು ಪಾನಕ: ಮೂರು ಲೀಟರ್ ನೀರಿಗೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಬೆಲ್ಲ, ನಾಲ್ಕೈದು ನಿಂಬೆಹಣ್ಣು, ಏಲಕ್ಕಿ. ಗೋಬಿ ಮಂಚೂರಿ, ಕಾಟನ್ ಕ್ಯಾಂಡಿ ಬೇಕೆಂದು ಹಟ ಹಿಡಿದರೆ, ಅವುಗಳಿಗೆ ಕೃತಕ ಬಣ್ಣ ಹಾಕುವುದನ್ನು 2024ರ ಮಾರ್ಚ್‌ನಲ್ಲಿ ಸರ್ಕಾರವೇ ನಿಷೇಧಿಸಿತು ಎಂದು ತಿಳಿಸಿ ಹೇಳಿ.

ಕೇಕ್ ಇಲ್ಲದೆ ಆಗಲ್ಲ ಅಂತೀರಾ? ಎರಡು ಬಟ್ಟಲು ಚಿರೋಟಿ ರವೆಗೆ ಒಂದೊಂದು ಬಟ್ಟಲು ಸಕ್ಕರೆ, ಮೊಸರು, ಹಾಲು, ಅರ್ಧ ಬಟ್ಟಲು ಎಣ್ಣೆ ಸೇರಿಸಿ ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡ. ಗ್ಯಾಸ್ಕೆಟ್, ವೆಯ್ಟ್ ತೆಗೆದ ಕುಕ್ಕರ್‌ಗೆ ಉಪ್ಪು ಹರಡಿ, ಅದರ ಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕಡ್ಡಿ ಚುಚ್ಚಿ ನೋಡಿ, ಅಂಟದಿದ್ದರೆ ಆಯಿತು.

ಆಟಕ್ಕೆ ಯಾರನ್ನೂ ಕರೆಸಬೇಡಿ. ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದರೆ ‘ಕೆರೆ-ದಡ’ ಆಡಲು ಅಂಗಳ ರೆಡಿ. ಅಜ್ಜಿ ಇದ್ದರೆ ಚೌಕಾಬಾರಕ್ಕೆ ಅವರನ್ನೇ ಕೂರಿಸಿ. ‘ಅವರ ಮನೇಲಿ ಮ್ಯಾಜಿಕ್ ಇತ್ತು, ನಮ್ಮನೇಲಿ ಯಾಕಿಲ್ಲ?’ ಎಂದು ಮಗು ಕೇಳಿದರೆ ಸುಳ್ಳು ಹೇಳಬೇಡಿ. ಏಳೆಂಟು ವರ್ಷದ ಮಗುವಿಗೆ ‘ನಮ್ಮ ಹತ್ರ ಇಷ್ಟಿದೆ, ಇದರಲ್ಲಿ ನಿಂಗೇನು ಬೇಕು ಆರಿಸ್ಕೋ’ ಅಂದರೆ ಅರ್ಥವಾಗುತ್ತದೆ. ಚೀಟಿ ಹಣ ಎತ್ತಿ, ಬಳೆ ಒತ್ತೆ ಇಟ್ಟು ಮಾಡುವ ಬರ್ತ್‌ಡೇಯನ್ನು ಯಾವ ಮಗುವೂ ಕೇಳಿಲ್ಲ. ಕೇಳುವುದು ‘ನಾಲ್ಕು ಜನ ಏನಂತಾರೋ’ ಎಂಬ ನಮ್ಮ ಅಳುಕು.

ಬೇಸಿಗೆ ರಜೆಯಲ್ಲಿ ಅಕ್ಕ-ತಂಗಿಯರ ಮಕ್ಕಳೆಲ್ಲ ಬಂದು ಸೇರಿದಾಗ ಹೋಟೆಲು, ರೆಸಾರ್ಟು ಎಂದು ಓಡುವ ಬದಲು ಹುಣ್ಣಿಮೆ ನೋಡಿಕೊಂಡು ತಾರಸಿಯ ಮೇಲೆ ಬೆಳದಿಂಗಳೂಟ ಇಟ್ಟುಕೊಳ್ಳಿ. ಮಕ್ಕಳನ್ನು ಸುತ್ತ ಕೂರಿಸಿ ನಡುವೆ ದೊಡ್ಡ ಪಾತ್ರೆ, ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು. ಮೊದಲು ಹುಳಿಯನ್ನ, ಆಮೇಲೆ ಸಾರನ್ನ. ಮೊಸರನ್ನದ ಪಾತ್ರೆಯನ್ನು ಮಾತ್ರ ಕೊನೆಯವರೆಗೂ ಕೆಳಗೇ ಇಟ್ಟಿರಿ, ಕಣ್ಣಿಗೆ ಬಿತ್ತೋ, ಹುಳಿಯನ್ನವನ್ನು ಒಬ್ಬರೂ ಮುಟ್ಟುವುದಿಲ್ಲ.