ಮೊದಲ ಎಲೆ ಯಾರಿಗಾಗಿ?

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇಸ್ಪೀಟಿನ ಮಾತೇ ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಬರೆಯುತ್ತಿರುವುದು ಅಂದರ್-ಬಾಹರ್ ಬಗ್ಗೆ ಅಲ್ಲ, ಬ್ರಿಜ್ ಬಗ್ಗೆ. ೨೦೧೮ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಈ ಆಟ ಮೊದಲ ಸಲ ಸೇರಿದಾಗ, ೬೦ ವರ್ಷದ ಪ್ರಣಬ್ ಬರ್ಧನ್ ಮತ್ತು ೫೬ರ ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದರು. ಆದ್ದರಿಂದ ಸಂಪಾದಕರು ಹೆಚ್ಚು ನಾಚಿಕೊಳ್ಳಬೇಕಾಗಿಲ್ಲ.

ಆಡದವರಿಗಾಗಿ ಎರಡು ಮಾತು. ೪ ಜನ, ಎದುರುಬದುರು ಕೂತವರು ಜೊತೆಗಾರರು, ಒಬ್ಬೊಬ್ಬರಿಗೆ ೧೩ ಎಲೆ. ಮೊದಲು ಬಿಡ್ಡಿಂಗ್, ಅಂದರೆ ಎಷ್ಟು ಟ್ರಿಕ್ ಗೆಲ್ಲುತ್ತೇವೆ, ಯಾವ ರಂಗು ತುರುಫು ಎನ್ನುವ ಹರಾಜು. ತುರುಫೇ ಬೇಡವೆಂದರೆ ಅದು ನೋ ಟ್ರಂಪ್. ಹರಾಜು ಗೆದ್ದು ಆಡುವವನ ಎಡಕ್ಕೆ ಕೂತವನು ಮೊದಲ ಎಲೆ ಇಳಿಸಬೇಕು. ಆಮೇಲಷ್ಟೇ ಆಡುವವನ ಜೊತೆಗಾರ ತನ್ನ ಎಲೆಗಳನ್ನು ಡಮ್ಮಿಯಾಗಿ ಮೇಜಿನ ಮೇಲೆ ಹರಡುತ್ತಾನೆ. ಇಡೀ ಆಟದಲ್ಲಿ ತನ್ನ ೧೩ ಎಲೆ ಬಿಟ್ಟು ಬೇರೇನೂ ಕಾಣದೆ ಆಡಬೇಕಾದವನು ಇವನೊಬ್ಬನೇ.

ನಮ್ಮ ಹಾಸ್ಟೆಲಿನಲ್ಲಿ ಇದಕ್ಕೊಂದು ಮಂತ್ರ ಇದೆ: ನೋ ಟ್ರಂಪ್ ಆದರೆ, ಕೈಯಲ್ಲಿರುವ ಉದ್ದನೆಯ ರಂಗಿನಲ್ಲಿ ಮೇಲಿನಿಂದ ನಾಲ್ಕನೇ ಎಲೆ ಹಾಕು. ಯಾಕೆ ಅಂತ ಕೇಳಿದರೆ, "ರೂಲು ಕಣೋ, ಸುಮ್ನೆ ಹಾಕು." ಈ "ರೂಲು ಕಣೋ" ಮೇಲೇ ನನ್ನ ತಕರಾರು. ಇಲ್ಲಿರುವ ಪ್ರಶ್ನೆ ಒಂದಲ್ಲ, ಎರಡು. ಯಾವ ರಂಗು ಎಂಬುದು ಒಂದು. ಆ ರಂಗಿನಲ್ಲಿ ಯಾವ ಎಲೆ ಎಂಬುದು ಇನ್ನೊಂದು. ಎರಡನೆಯದಕ್ಕೆ ರೂಲು ಬೇಕೇ ಬೇಕು. ಮೊದಲನೆಯದನ್ನು ನಾವೇ ಯೋಚಿಸಿ ತೀರ್ಮಾನಿಸಬೇಕು.

ಒಂದು ಕೈ ನೋಡೋಣ. ಇಸ್ಪೀಟಿನಲ್ಲಿ ೧೦, ೯. ಆಠೀನಿನಲ್ಲಿ ೮, ೬, ೩. ಡೈಮನ್‌ನಲ್ಲಿ ರಾಣಿ, ೮, ೬, ೪, ೨. ಕಳಾವರದಲ್ಲಿ ಗುಲಾಮ, ೭, ೫. ನಿಮ್ಮ ಬಲಗಡೆಯವನು ಒಂದು ನೋ ಟ್ರಂಪ್ ಅಂದ, ಅವನ ಜೊತೆಗಾರ ನೇರವಾಗಿ ಮೂರು ನೋ ಟ್ರಂಪ್ ಅಂದ. ಮಂತ್ರದ ಪ್ರಕಾರ ಡೈಮನ್ ೪ ಹಾಕಬೇಕು.

ಸ್ವಲ್ಪ ತಾಳಿ, ಖಾತೆ ತಾಳೆ ನೋಡೋಣ. ಎಕ್ಕಕ್ಕೆ ೪, ರಾಜನಿಗೆ ೩, ರಾಣಿಗೆ ೨, ಗುಲಾಮನಿಗೆ ೧. ಒಟ್ಟು ೪೦ ಅಂಕ. ಒಂದು ನೋ ಟ್ರಂಪ್ ಅಂದವನ ಹತ್ತಿರ ಸಾಮಾನ್ಯವಾಗಿ ೧೫ರಿಂದ ೧೭, ಮೂರಕ್ಕೆ ಏರಿಸಿದವನ ಹತ್ತಿರ ಸುಮಾರು ೧೦. ಇಬ್ಬರದೂ ಸೇರಿ ೨೬ ಅಂತ ಇಟ್ಟುಕೊಳ್ಳಿ. ಉಳಿದದ್ದು ೧೪. ನಿಮ್ಮದು ೩. ಹಾಗಾದರೆ ಮಿಕ್ಕ ೧೧ ಎಲ್ಲಿ? ಎದುರಿಗೆ ಬಾಯಿ ಮುಚ್ಚಿಕೊಂಡು ಕೂತಿರುವ ಜೊತೆಗಾರನ ಹತ್ತಿರ! ಅವನ ಸರದಿ ಬರುವಷ್ಟರಲ್ಲಿ ಹರಾಜು ಮೂರಕ್ಕೆ ಹೋಗಿತ್ತು, ಪಾಪ.

ನಿಮ್ಮ ಡೈಮನ್ ರಂಗು ಎರಡು ಮೂರು ಸುತ್ತಿನಲ್ಲಿ ಪಳಗಿತು ಅಂತಲೇ ಇಟ್ಟುಕೊಂಡರೂ, ಮತ್ತೆ ಕೈ ಹಿಡಿದು ಆ ಪುಡಿ ಎಲೆಗಳನ್ನು ಆಡಿಸಲು ನಿಮ್ಮ ಹತ್ತಿರ ಏನಿದೆ? ಕಳಾವರದ ಗುಲಾಮ ಒಬ್ಬ. ಇನ್ನೂ ಒಂದು ಮಾತು: ಎದುರಾಳಿಯ ಹತ್ತಿರ ೪ ಇಸ್ಪೀಟೋ ೪ ಆಠೀನೋ ಇದ್ದಿದ್ದರೆ ಸಾಮಾನ್ಯವಾಗಿ ಎರಡು ಕಳಾವರ ಅಂತ ಹೇಳಿ ಆ ರಂಗನ್ನು ವಿಚಾರಿಸುತ್ತಿದ್ದ. ವಿಚಾರಿಸಲಿಲ್ಲ. ನಿಮ್ಮಲ್ಲಿ ಇಸ್ಪೀಟು ಎರಡೇ. ಹಾಗಿದ್ದ ಮೇಲೆ ಜೊತೆಗಾರನ ಹತ್ತಿರ ಉದ್ದನೆಯ ಇಸ್ಪೀಟು ಇರುವ ಸಂಭವ ಹೆಚ್ಚು. ನಾನಾದರೆ ಇಸ್ಪೀಟು ೧೦ ಹಾಕುತ್ತೇನೆ.

ಇದು ನನ್ನೊಬ್ಬನ ಹಟವಲ್ಲ. ಡೇವಿಡ್ ಬರ್ಡ್ ಮತ್ತು ಟ್ಯಾಫ್ ಆಂಥಿಯಾಸ್ ಎಂಬಿಬ್ಬರು ಕಂಪ್ಯೂಟರಿನಲ್ಲಿ ಸಾವಿರಾರು ಕೈಗಳನ್ನು ಆಡಿಸಿ, ನೋ ಟ್ರಂಪಿನ ಮೊದಲ ಎಲೆಯ ಬಗ್ಗೆ ೨೦೧೧ರಲ್ಲಿ ಒಂದು ಪುಸ್ತಕ ತಂದರು. ಇಂಥ ಬಿಡ್ಡಿಂಗ್ ಆದಾಗ, ಬಲವಿಲ್ಲದ ಕೈಯವನು ತನ್ನ ಉದ್ದ ರಂಗಿಗಿಂತ ಗಿಡ್ಡ ಇಸ್ಪೀಟನ್ನೋ ಆಠೀನನ್ನೋ ಹಾಕುವುದೇ ಎಷ್ಟೋ ಸಲ ಮೇಲು ಎಂದು ಅವರ ಲೆಕ್ಕ ತೋರಿಸಿತು.

ಹಾಗಂತ ರೂಲನ್ನು ಗಾಳಿಗೆ ತೂರಬೇಕೆ? ಖಂಡಿತಾ ಬೇಡ. ಉದ್ದನೆಯ ರಂಗು ಗಟ್ಟಿಯಾಗಿದ್ದು, ಬೇರೆ ರಂಗಿನಲ್ಲಿ ಒಂದು ಎಕ್ಕವೂ ಇದ್ದರೆ ಅದನ್ನೇ ಆಡಿ. ಆಗ ನಾಲ್ಕನೇ ಎಲೆಯ ಗುಣ ತಿಳಿಯುತ್ತದೆ. ಜೊತೆಗಾರ ಹಾಕಿದ್ದು ೭ ಅನ್ನಿ. ಅದನ್ನು ೧೧ರಿಂದ ಕಳೆದರೆ ೪. ಅಂದರೆ ಅದಕ್ಕಿಂತ ದೊಡ್ಡ ಎಲೆ ಉಳಿದ ಮೂರು ಕೈಗಳಲ್ಲಿ ಒಟ್ಟು ೪ ಮಾತ್ರ. ಡಮ್ಮಿಯಲ್ಲಿ ಎರಡು ಕಂಡವು, ನಿಮ್ಮ ಕೈಯಲ್ಲಿ ಎರಡು ಇವೆ. ಆಡುವವನ ಹತ್ತಿರ ಒಂದೂ ಇಲ್ಲ! ಒಂದು ಎಲೆ ಇಷ್ಟು ಸುದ್ದಿ ಹೇಳುತ್ತದೆ. ನಾಲ್ಕನೆಯದರ ಬದಲು ಐದನೆಯದನ್ನು ಮನಸ್ಸಿಗೆ ಬಂದಂತೆ ಹಾಕಿದರೆ ಸುದ್ದಿ ಸುಳ್ಳಾಗುತ್ತದೆ, ಜೊತೆಗಾರ ದಾರಿ ತಪ್ಪುತ್ತಾನೆ.

ಆದ್ದರಿಂದ ರೂಲು ಇರುವುದು ಜೊತೆಗಾರನಿಗಾಗಿ. ನಮ್ಮವರು ಅದನ್ನು ತಮಗಾಗಿ ಇಟ್ಟುಕೊಂಡಿದ್ದಾರೆ, ಛತ್ರಿಯ ಹಾಗೆ. "ರೂಲಿನ ಪ್ರಕಾರ ಹಾಕಿದ್ದೀನಿ, ಸೋತರೆ ನನ್ನ ತಪ್ಪಲ್ಲ" ಅನ್ನೋದಕ್ಕೆ. ಹೊಸಬರಿಗೆ ಯೋಚನೆ ಮಾಡೋಕೆ ಹೇಳಿದರೆ ಗೊಂದಲ ಆಗುತ್ತೆ ಎಂದು ಹಿರಿಯರ ವಾದ. ೨೬ ಮತ್ತು ೩ ಕೂಡಿಸಿ ೪೦ರಿಂದ ಕಳೆಯಲು ಬಾರದವರು ನಮ್ಮಲ್ಲಿ ಯಾರಿದ್ದಾರೆ, ಸ್ವಾಮಿ?

ಕನ್ನಡ ಶಾಲೆಯಿಂದ ಈ ಮುಂಬಯಿಯ ಇಂಗ್ಲಿಷ್ ಕಾಲೇಜಿಗೆ ಬಂದ ನನ್ನಂಥವರಿಗೆ ಈ ಛತ್ರಿಯ ಗುರುತು ಚೆನ್ನಾಗಿದೆ. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಯಾರೂ ಬೈಯುವುದಿಲ್ಲ. ಆದರೆ ಯಾರೂ ನಮ್ಮ ಅಭಿಪ್ರಾಯ ಕೇಳುವುದೂ ಇಲ್ಲ. ವ್ಯಾಕರಣ ಕಲಿಯೋಣ, ಕೇಳುವವನಿಗೆ ನಮ್ಮ ಮಾತು ತಿಳಿಯಬೇಕಲ್ಲ. ಏನು ಹೇಳಬೇಕು ಎಂಬುದನ್ನೂ ವ್ಯಾಕರಣವೇ ಹೇಳಲಿ ಎಂದು ಕಾಯುವುದು ಬೇಡ.

ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ. ಬರೆಯಲು ಬೇಜಾರಾದರೆ ಭಾನುವಾರ ಒಬ್ಬ ಜೊತೆಗಾರನನ್ನು ಕರೆದುಕೊಂಡು ಬರಲಿ.